ಟಿಕೆಟ್ ನಾವೇ ತೆಗೆದೆವು, ಹೋಟೆಲ್ ನಾವೇ ಹಿಡಿದೆವು, ವಿಮೆ ಯಾವುದು?

ಮಡಗಾಂವ್‌ನ ಒಂದು ಕುಟುಂಬ ಪ್ಯಾರಿಸ್‌ಗೆ ಹೊರಟಿದೆ ಎಂದುಕೊಳ್ಳಿ. ಗೋವಾದಿಂದ ಮುಂಬಯಿಗೆ ಒಂದು ಅಗ್ಗದ ವಿಮಾನ. ಮುಂಬಯಿಯಿಂದ ಪ್ಯಾರಿಸ್‌ಗೆ ಬೇರೊಂದು ಕಂಪನಿಯ ಟಿಕೆಟ್. ಹೋಟೆಲ್ ಮತ್ತೊಂದು ಆ್ಯಪ್‌ನಲ್ಲಿ, ಅಲ್ಲಿಂದ ಸ್ವಿಟ್ಜರ್ಲೆಂಡ್‌ಗೆ ರೈಲು ಇನ್ನೊಂದು ಕಡೆ. ನಾಲ್ಕು ಬುಕಿಂಗ್, ನಾಲ್ಕು ಕಂಪನಿ. ಗೋವಾದ ವಿಮಾನ ಮೂರು ಗಂಟೆ ತಡವಾದರೆ ಉಳಿದ ಮೂರೂ ಒಂದರ ಹಿಂದೊಂದು ಕೈ ತಪ್ಪುತ್ತವೆ, ಆದರೆ ಆ ನಷ್ಟಕ್ಕೆ ನಾಲ್ವರಲ್ಲಿ ಒಬ್ಬರೂ ಹೊಣೆಯಲ್ಲ. ಪ್ಯಾಕೇಜ್ ಟೂರ್‌ನಲ್ಲಿ ಹೋದವರಿಗೆ ಈ ತಲೆನೋವು ಟೂರ್ ಮ್ಯಾನೇಜರನದು. ತಾವೇ ಬುಕ್ ಮಾಡಿದವರಿಗೆ ತಮ್ಮದೇ. ಹಾಗಾಗಿ ಇಂಥ ಪ್ರವಾಸಕ್ಕೆ ವಿಮೆ ಆರಿಸುವಾಗ ಎರಡೇ ಪ್ರಶ್ನೆ ಮುಖ್ಯ: ಪರದೇಶದಲ್ಲಿ ಆಸ್ಪತ್ರೆ ಸೇರಬೇಕಾದರೆ ಬಿಲ್ ಯಾರು ಕಟ್ಟುತ್ತಾರೆ? ಎರಡು ಬುಕಿಂಗ್‌ಗಳ ನಡುವಿನ ಸಂದಿಯಲ್ಲಿ ಬಿದ್ದ ನಷ್ಟವನ್ನು ಯಾರು ತುಂಬುತ್ತಾರೆ? ಉಳಿದದ್ದೆಲ್ಲ ಇವುಗಳ ನಂತರ.

ಟ್ರಾವೆಲ್ ಇನ್ಶೂರೆನ್ಸ್ ಎಂಬ ಒಂದೇ ಹೆಸರಿನಡಿ ಹಲವು ಬಗೆಯ ಸರಕು ಮಾರಾಟವಾಗುತ್ತದೆ. ಒಂದೊಂದನ್ನೇ ನೋಡೋಣ.

ಟಿಕೆಟ್ ಪೋರ್ಟಲ್‌ನಲ್ಲಿ ಹಣ ಕಟ್ಟುವ ಮುಂಚೆ ಕಣ್ಣಿಗೆ ಬೀಳುವ ಟಿಕ್ ಬಾಕ್ಸ್‌ನ ವಿಮೆ ಎಲ್ಲಕ್ಕಿಂತ ಹೆಚ್ಚು ಮಾರಾಟವಾಗುವಂಥದು, ನಮ್ಮ ಲೆಕ್ಕದಲ್ಲಿ ಎಲ್ಲಕ್ಕಿಂತ ಕಡಿಮೆ ಉಪಯೋಗದ್ದು. ಆ ಬಾಕ್ಸ್‌ನಲ್ಲಿ ಮೊದಲೇ ಟಿಕ್ ಹಾಕಿಟ್ಟಿರಬಾರದು ಎಂದು ವಿಮಾ ನಿಯಂತ್ರಕ ಐಆರ್‌ಡಿಎಐ ನಿಯಮ ಮಾಡಿದೆ. ಟಿಕ್ ಕಂಡರೆ ತೆಗೆದುಬಿಡಿ. ಇದು ಸಾಮಾನ್ಯವಾಗಿ ಗ್ರೂಪ್ ಪಾಲಿಸಿ. ಮೂಲ ಪಾಲಿಸಿ ಪೋರ್ಟಲ್ ಹೆಸರಿನಲ್ಲಿರುತ್ತದೆ, ನಿಮ್ಮ ಕೈಗೆ ಬರುವುದು ಒಂದು ಸರ್ಟಿಫಿಕೇಟ್ ಮಾತ್ರ. ಷರತ್ತುಗಳ ಪೂರ್ತಿ ಪಠ್ಯ ಹುಡುಕಿ ತೆಗೆಯುವುದೇ ಒಂದು ಕೆಲಸ. ರಕ್ಷಣೆ ಆ ಒಂದು ಟಿಕೆಟ್‌ಗೆ ಅಂಟಿಕೊಂಡಿರುತ್ತದೆ. ಬೇರೆ ಕಡೆ ಹಿಡಿದ ಹೋಟೆಲ್, ಬೇರೆ ಕಡೆ ತೆಗೆದ ರೈಲು ಅದರ ಲೆಕ್ಕಕ್ಕೆ ಬರುವುದೇ ಅಪರೂಪ. ಅದೇ ಪುಟದಲ್ಲಿ ಕಾಣುವ ‘ಝೀರೋ ಕ್ಯಾನ್ಸಲೇಶನ್’ ಬಹಳ ಸಲ ವಿಮೆಯೇ ಅಲ್ಲ, ಪೋರ್ಟಲ್ ತಾನೇ ಕೊಡುವ ಸವಲತ್ತು. ಅದರಲ್ಲಿ ತಕರಾರು ಬಂದರೆ ವಿಮಾ ದೂರುಗಳನ್ನು ಬಗೆಹರಿಸುವ ಓಂಬುಡ್ಸ್‌ಮನ್ ಬಳಿ ಹೋಗಲಾಗದು.

ಕ್ರೆಡಿಟ್ ಕಾರ್ಡ್ ಜತೆ ‘ಉಚಿತ’ ಎಂದು ಬರುವ ವಿಮೆಯಲ್ಲಿ ದೊಡ್ಡದಾಗಿ ಬರೆದಿರುವ ಮೊತ್ತ ಹೆಚ್ಚಾಗಿ ವಿಮಾನ ಅಪಘಾತದಲ್ಲಿ ಸತ್ತರೆ ಸಿಗುವುದು. ಆಸ್ಪತ್ರೆ ಖರ್ಚಿಗೆ ಅದರಲ್ಲಿ ಜಾಗವಿರುವುದು ಕಡಿಮೆ. ಟಿಕೆಟನ್ನು ಅದೇ ಕಾರ್ಡಿನಲ್ಲಿ ತೆಗೆದಿರಬೇಕು, ರಕ್ಷಣೆ ಮುಖ್ಯ ಕಾರ್ಡುದಾರರಿಗೆ ಮಾತ್ರ ಎಂಬ ಷರತ್ತುಗಳೂ ಇರುತ್ತವೆ. ಇದನ್ನೇ ನಂಬಿ ವಿಮಾನ ಹತ್ತಬೇಡಿ.

ರೈಲಿಗೆ ಐಆರ್‌ಸಿಟಿಸಿ ವಿಮೆ ಇದೆ. ತಲಾ 45 ಪೈಸೆ. ಮುಂಬಯಿಯಿಂದ ಮಂಗಳೂರಿಗೋ ಪುಣೆಯಿಂದ ಬೆಂಗಳೂರಿಗೋ ಹೋಗುವವರು ಇದನ್ನು ಬಿಡಲೇಬಾರದು: ರೈಲು ಅಪಘಾತದಲ್ಲಿ ಸಾವು ಅಥವಾ ಪೂರ್ಣ ಅಂಗವೈಕಲ್ಯಕ್ಕೆ 10 ಲಕ್ಷ, ಭಾಗಶಃ ವೈಕಲ್ಯಕ್ಕೆ 7.5 ಲಕ್ಷದವರೆಗೆ, ಗಾಯಗೊಂಡು ಆಸ್ಪತ್ರೆ ಸೇರಿದರೆ 2 ಲಕ್ಷದವರೆಗೆ. ಕನ್ಫರ್ಮ್ ಅಥವಾ ಆರ್‌ಎಸಿ ಆದ ಆನ್‌ಲೈನ್ ಟಿಕೆಟ್‌ಗೆ ಮಾತ್ರ ಇದು ಅನ್ವಯ. ಬುಕ್ ಆದ ಮೇಲೆ ವಿಮಾ ಕಂಪನಿಯಿಂದ ಬರುವ ಲಿಂಕ್‌ನಲ್ಲಿ ನಾಮಿನಿ ಹೆಸರು ತುಂಬಬೇಕು. ಬಹಳಷ್ಟು ಜನ ಆ ಸಂದೇಶ ತೆರೆಯುವುದೇ ಇಲ್ಲ. ತುಂಬದಿದ್ದರೆ ವಾರಸುದಾರರು ಕಾಗದಪತ್ರಕ್ಕಾಗಿ ಕಚೇರಿ ಅಲೆಯಬೇಕಾಗುತ್ತದೆ. ರೈಲು ತಡವಾದದ್ದಕ್ಕೆ, ರದ್ದಾದದ್ದಕ್ಕೆ ಇದು ಏನೂ ಕೊಡುವುದಿಲ್ಲ.

ಭಾರತದೊಳಗಿನ ವಿಮಾನ ಪ್ರವಾಸಕ್ಕೆ ಪ್ರತ್ಯೇಕ ವಿಮೆ ಬೇಕೇ? ಮನೆಯವರಿಗೆಲ್ಲ ಆರೋಗ್ಯ ವಿಮೆ ಇದ್ದರೆ ಸಾಮಾನ್ಯವಾಗಿ ಬೇಡ, ಅದು ಕಾಶ್ಮೀರದಲ್ಲೂ ನಡೆಯುತ್ತದೆ, ಕೇರಳದಲ್ಲೂ ನಡೆಯುತ್ತದೆ. ಆ ಹಣವನ್ನು ಹೋಟೆಲ್‌ನ ‘ಫ್ರೀ ಕ್ಯಾನ್ಸಲೇಶನ್’ ದರಕ್ಕೆ ಹಾಕುವುದು ಲೇಸು. ವಿಮಾನ ಕಂಪನಿಯೇ ಸಾಕಷ್ಟು ಮುಂಚೆ ತಿಳಿಸದೆ ಹಾರಾಟ ರದ್ದು ಮಾಡಿದರೆ ವಿಮಾನಯಾನ ನಿಯಂತ್ರಕ ಡಿಜಿಸಿಎಯ ನಿಯಮದಲ್ಲಿ ಪರಿಹಾರವಿದೆ: ಒಂದರಿಂದ ಎರಡು ಗಂಟೆಯ ಹಾರಾಟಕ್ಕೆ 7,500 ರೂಪಾಯಿ ಅಥವಾ ಮೂಲ ದರ ಮತ್ತು ಇಂಧನ ಶುಲ್ಕ, ಇವೆರಡರಲ್ಲಿ ಕಡಿಮೆ ಯಾವುದೋ ಅದು. ಮುಂಬಯಿ–ಗೋವಾ ಈ ಲೆಕ್ಕದಲ್ಲೇ ಬರುತ್ತದೆ. ಆದರೆ ಮಳೆ, ಮಂಜಿನಂಥ ಕಂಪನಿಯ ಕೈಮೀರಿದ ಕಾರಣಕ್ಕೆ ಪರಿಹಾರವಿಲ್ಲ, ಟಿಕೆಟ್ ಹಣ ಮಾತ್ರ ವಾಪಸ್.

ಉಳಿದದ್ದು ವಿಮಾ ಕಂಪನಿಯಿಂದಲೇ ನೇರವಾಗಿ ಕೊಳ್ಳುವ ವಿದೇಶ ಪ್ರವಾಸದ ಪಾಲಿಸಿ, ಒಂದು ಪ್ರವಾಸಕ್ಕೆ ಅಥವಾ ವರ್ಷಪೂರ್ತಿಗೆ. ಸ್ವಂತ ಬುಕಿಂಗ್‌ನವರಿಗೆ ನಾವು ಹೇಳುವುದು ಇದನ್ನೇ. ವರ್ಷದ ಪಾಲಿಸಿಯಲ್ಲಿ ಒಂದು ವಿಷಯ ತಪ್ಪದೆ ನೋಡಿ: ಒಂದೊಂದು ಪ್ರವಾಸ ಎಷ್ಟು ದಿನ ಮೀರಬಾರದು ಎಂಬ ಮಿತಿ ಇರುತ್ತದೆ, 30, 45, 60 ಹೀಗೆ. ಮಗಳ ಮನೆಯಲ್ಲಿ ಮೂರು ತಿಂಗಳು ಇರುವ ಅಜ್ಜಿಗೆ ಅದು ನಡೆಯದು. ವರ್ಷಕ್ಕೆ ಮೂರು ಸಲ ಹೊರಗೆ ಹೋಗುವವರಿಗೆ ಮಾತ್ರ ಲೆಕ್ಕ ಕೂಡಿಬರುತ್ತದೆ.

ಈಗ ಪಾಲಿಸಿಯ ಒಳಗೆ ಇಳಿಯೋಣ. ಜಾಹೀರಾತಿನ ಪುಟ ಬಿಟ್ಟು ‘ಪಾಲಿಸಿ ವರ್ಡಿಂಗ್’ ಎಂಬ ಪಿಡಿಎಫ್ ಇಳಿಸಿಕೊಳ್ಳಿ. ಪ್ರತಿ ಪಾಲಿಸಿಗೂ ಯುಐಎನ್ ಎಂಬ ಸಂಖ್ಯೆ ಇರುತ್ತದೆ. ನಿಮಗೆ ಮಾರುತ್ತಿರುವುದರ ಸಂಖ್ಯೆಯೂ ನೀವು ಓದುತ್ತಿರುವುದರ ಸಂಖ್ಯೆಯೂ ಒಂದೇ ಆಗಿರಬೇಕು. ಒಂದೇ ಹೆಸರಿನ ಹಳೆಯ, ಹೊಸ ಆವೃತ್ತಿಗಳು ಜಾಲದಲ್ಲಿ ಒಟ್ಟೊಟ್ಟಿಗೆ ಬಿದ್ದಿರುತ್ತವೆ.

ವೈದ್ಯಕೀಯ ಭಾಗ ಮೊದಲು. ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ನಡೆಯುವ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ಬೇಕು, ಅದು ಷೆಂಗೆನ್ ದೇಶಗಳೆಲ್ಲಕ್ಕೂ, ಅಲ್ಲಿರುವ ಎಲ್ಲ ದಿನಗಳಿಗೂ ಅನ್ವಯಿಸಬೇಕು, ಶವವನ್ನು ಅಥವಾ ರೋಗಿಯನ್ನು ಊರಿಗೆ ತರುವ ಖರ್ಚೂ ಸೇರಿರಬೇಕು. ಇದು ವೀಸಾ ಸಿಗಲು ಬೇಕಾದ ಮೊತ್ತ, ಆಸ್ಪತ್ರೆ ಬಿಲ್‌ಗೆ ಸಾಕಾಗುವ ಮೊತ್ತವಲ್ಲ. ಯುರೋಪಿಗೆ 1 ಲಕ್ಷ ಡಾಲರ್, ಅಮೆರಿಕ–ಕೆನಡಾಕ್ಕೆ 2.5 ಲಕ್ಷ ಡಾಲರ್‌ಗಿಂತ ಕೆಳಗೆ ಇಳಿಯಬೇಡಿ. ಥಾಯ್ಲೆಂಡ್, ಸಿಂಗಾಪುರಕ್ಕೆ 50,000 ಡಾಲರ್ ನಡೆದೀತು. ಪ್ಯಾರಿಸ್ ಜತೆ ಲಂಡನ್ ಸೇರಿಸಿದವರು ಎಚ್ಚರ: ಬ್ರಿಟನ್ ಷೆಂಗೆನ್‌ನಲ್ಲಿಲ್ಲ, ಷೆಂಗೆನ್‌ಗಷ್ಟೇ ಎಂದು ಬರೆದ ಪಾಲಿಸಿ ಅಲ್ಲಿ ಕೆಲಸಕ್ಕೆ ಬಾರದು.

ಮೊತ್ತಕ್ಕಿಂತ ಹೆಚ್ಚಾಗಿ ನೋಡಬೇಕಾದದ್ದು ಸಬ್‌ಲಿಮಿಟ್. 60 ದಾಟಿದವರ ಪಾಲಿಸಿಯಲ್ಲಿ ಮೊದಲ ಪುಟದಲ್ಲಿ ಲಕ್ಷ ಡಾಲರ್ ಎಂದಿರುತ್ತದೆ, ಒಳಗಿನ ಕೋಷ್ಟಕದಲ್ಲಿ ಕೋಣೆಗೆ ದಿನಕ್ಕೆ ಇಷ್ಟು, ಐಸಿಯುಗೆ ಇಷ್ಟು, ಸರ್ಜನ್‌ಗೆ ಇಷ್ಟು, ಅರಿವಳಿಕೆಗೆ ಇಷ್ಟು ಎಂದು ಕತ್ತರಿಸಿಟ್ಟಿರುತ್ತಾರೆ. ಕೋಷ್ಟಕದ ಮಿತಿ ದಾಟಿದ್ದು ನಿಮ್ಮ ಜೇಬಿನಿಂದ, ಒಟ್ಟು ಮೊತ್ತದಲ್ಲಿ ಎಷ್ಟೇ ಉಳಿದಿರಲಿ. ಅಪ್ಪ-ಅಮ್ಮನಿಗೆ ಪಾಲಿಸಿ ತೆಗೆಯುವಾಗ ‘ಸಬ್‌ಲಿಮಿಟ್ ಇಲ್ಲದ’ ಪ್ಲ್ಯಾನ್ ಕೇಳಿ. ಸಬ್‌ಲಿಮಿಟ್ ಇರುವ ದೊಡ್ಡ ಮೊತ್ತಕ್ಕಿಂತ ಇಲ್ಲದ ಸಣ್ಣ ಮೊತ್ತವೇ ಕೈಗೆ ಹೆಚ್ಚು ಕೊಡಬಹುದು.

ಡಿಡಕ್ಟಿಬಲ್ ಎಂದರೆ ಪ್ರತಿ ಕ್ಲೇಮ್‌ನಲ್ಲಿ ಮೊದಲು ನೀವು ಹೊರಬೇಕಾದ ಪಾಲು. ಬ್ಯಾಂಕಾಕ್‌ನಲ್ಲಿ ಹೊಟ್ಟೆ ಕೆಟ್ಟು ಕ್ಲಿನಿಕ್‌ಗೆ 80 ಡಾಲರ್ ಕೊಟ್ಟಿರಿ, ಡಿಡಕ್ಟಿಬಲ್ 100 ಡಾಲರ್ ಇದ್ದರೆ ಬರುವುದು ಸೊನ್ನೆ. ಇದು ವಂಚನೆಯಲ್ಲ, ಒಪ್ಪಂದವೇ ಹಾಗೆ. ಈ ವಿಮೆ ಇರುವುದು ದೊಡ್ಡ ಹೊಡೆತಕ್ಕೆ.

ಬಿಪಿ, ಶುಗರ್ ವಿಷಯದಲ್ಲಿ ಸುಳ್ಳು ಹೇಳಬೇಡಿ. ಆನ್‌ಲೈನ್ ಅರ್ಜಿಯಲ್ಲಿ ‘ಮೊದಲಿಂದ ಇರುವ ಕಾಯಿಲೆ ಇದೆಯೇ’ ಎಂಬಲ್ಲಿ ‘ಇಲ್ಲ’ ಒತ್ತಿದರೆ ಪಾಲಿಸಿ ಎರಡು ನಿಮಿಷದಲ್ಲಿ ಬರುತ್ತದೆ. ‘ಹೌದು’ ಒತ್ತಿದರೆ ಪ್ರಶ್ನೆಗಳು ಬರುತ್ತವೆ, ಪ್ರೀಮಿಯಂ ಏರಬಹುದು. ಆದರೆ ಪರದೇಶದ ಆಸ್ಪತ್ರೆಗೆ ದಾಖಲಾದ ಕೂಡಲೇ ಅಲ್ಲಿನ ಡಾಕ್ಟರ್ ಮೊದಲು ಬರೆಯುವುದೇ ‘ಎಷ್ಟು ವರ್ಷದಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ’ ಎಂಬುದಕ್ಕೆ ರೋಗಿ ಕೊಟ್ಟ ಉತ್ತರ. ಆ ಒಂದು ಸಾಲು ಸಾಕು, ಕ್ಲೇಮ್ ತಿರಸ್ಕೃತವಾಗಲು. ಹೇಳಿಕೊಂಡರೂ ಬಹಳಷ್ಟು ಪಾಲಿಸಿಗಳು ಹಳೆಯ ಕಾಯಿಲೆಗೆ ಜೀವಕ್ಕೆ ಅಪಾಯವಾದಾಗ ಮಾತ್ರ, ಅದೂ ಒಂದು ಮಿತಿಯೊಳಗೆ ಕೊಡುತ್ತವೆ. ಆ ಮಿತಿ ಎಷ್ಟು ಎಂಬುದನ್ನೇ ಎರಡು ಕಂಪನಿಗಳ ನಡುವೆ ಹೋಲಿಸಿ ನೋಡಿ. ಸಾರ್ವಜನಿಕ ವಲಯದ ನ್ಯೂ ಇಂಡಿಯಾ ಅಶ್ಯೂರೆನ್ಸ್‌ನ ಮುಖ್ಯ ಕಚೇರಿ ಮುಂಬಯಿಯ ಫೋರ್ಟ್‌ನಲ್ಲೇ ಇದೆ, ಶಾಖೆಗಳು ಮುಂಬಯಿ, ಪುಣೆ, ಗೋವಾ ಮೂರೂ ಕಡೆ ಇವೆ. ಹಿರಿಯರ ಪಾಲಿಸಿ ಮಾಡಿಸುವವರು ಶಾಖೆಗೆ ಹೋಗಿ ಎದುರಾಎದುರು ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು.

ಆಸ್ಪತ್ರೆ ಸೇರುವ ಮುಂಚೆ, ಆಗದಿದ್ದರೆ ಸೇರಿದ ತಕ್ಷಣ, ಪಾಲಿಸಿಯಲ್ಲಿರುವ ಸಹಾಯವಾಣಿಗೆ ಫೋನ್ ಮಾಡಿ ಕೇಸ್ ನಂಬರ್ ತೆಗೆದುಕೊಳ್ಳಬೇಕು. ಕ್ಯಾಶ್‌ಲೆಸ್ ಆಗುವುದು ಆ ಫೋನ್‌ನಿಂದಲೇ. ಭಾರತದ 1800 ನಂಬರ್ ಹೊರದೇಶದಿಂದ ಹೋಗದಿರಬಹುದು. ಹಾಗಾಗಿ +91 ಇರುವ ಅಥವಾ ಆ ದೇಶದ್ದೇ ಆದ ನಂಬರನ್ನು ಮನೆಯಲ್ಲೇ ಫೋನ್‌ಗೆ ಹಾಕಿಕೊಳ್ಳಿ, ಒಂದು ಚೀಟಿಯಲ್ಲಿ ಬರೆದು ಪಾಸ್‌ಪೋರ್ಟ್ ಕವರಿನಲ್ಲೂ ಇಡಿ.

ಇನ್ನು ಸಂದಿಯ ಮಾತು. ಮುಂಬಯಿ, ಪುಣೆ, ಗೋವಾದ ನಮ್ಮವರಿಗೆ ಇಲ್ಲಿ ವಿಶೇಷ ತೊಡಕುಗಳಿವೆ. ಗೋವಾಕ್ಕೆ ಎರಡು ವಿಮಾನ ನಿಲ್ದಾಣ: ದಾಬೋಳಿ, ಕೋಡ್ ಜಿಒಐ, 2023ರ ಜನವರಿಯಲ್ಲಿ ಹಾರಾಟ ಶುರುವಾದ ಮೋಪಾ, ಕೋಡ್ ಜಿಒಎಕ್ಸ್. ವಾಸ್ಕೋದವರು ಅಗ್ಗವೆಂದು ಮೋಪಾದ ಟಿಕೆಟ್ ತೆಗೆದರೆ ರಾಜ್ಯದ ಉತ್ತರ ತುದಿಯವರೆಗೆ ರಸ್ತೆ ಸವೆಸಬೇಕು. ಮುಂಬಯಿಯಲ್ಲಿ ಸಾಂತಾಕ್ರೂಜ್ ಕಡೆಯ ಟರ್ಮಿನಲ್ 1ರಲ್ಲಿ ಇಳಿದು ಸಹಾರ್ ಕಡೆಯ ಟರ್ಮಿನಲ್ 2ಕ್ಕೆ ಹೋಗಲು ಹೊರಗೆ ಬಂದು ರಸ್ತೆಯಲ್ಲೇ ಸುತ್ತಬೇಕು. 2025ರ ಅಕ್ಟೋಬರ್ 8ರಂದು ಉದ್ಘಾಟನೆಯಾದ ನವಿ ಮುಂಬಯಿ ನಿಲ್ದಾಣ ಈಗ ಮೂರನೆಯ ಗೊಂದಲ: ‘ಮುಂಬಯಿ’ ಎಂದು ಹುಡುಕಿದರೆ ಅಲ್ಲಿನ ವಿಮಾನಗಳೂ ಪಟ್ಟಿಯಲ್ಲಿ ಬರಬಹುದು. ಹಳೆಯದರ ಬಿಒಎಂ, ಹೊಸದರ ಎನ್‌ಎಂಐ ಕೋಡ್ ನೋಡದೆ ಹಣ ಕಟ್ಟಬೇಡಿ. ಎರಡೂ ಹಾರಾಟ ಒಂದೇ ಪಿಎನ್‌ಆರ್‌ನಲ್ಲಿದ್ದರೆ ತಪ್ಪಿದ ವಿಮಾನಕ್ಕೆ ಬದಲಿ ಕೊಡುವುದು ಕಂಪನಿಯ ಹೊಣೆ. ಬೇರೆ ಬೇರೆ ಪಿಎನ್‌ಆರ್ ಆದರೆ ಎರಡನೆಯ ಕಂಪನಿಯ ದಾಖಲೆಯಲ್ಲಿ ನೀವು ‘ನೋ ಶೋ’, ಅಂದರೆ ಹೊತ್ತಿಗೆ ಬಾರದ ಪ್ರಯಾಣಿಕ, ಅಷ್ಟೇ.

ಈ ಸಂದಿಗೆಂದೇ ‘ಮಿಸ್ಡ್ ಕನೆಕ್ಷನ್’ ಎಂಬ ಅಂಶ ಪಾಲಿಸಿಯಲ್ಲಿರುತ್ತದೆ. ಅದರ ಹೆಸರು ನೋಡಿ ಸಮಾಧಾನಪಟ್ಟುಕೊಳ್ಳಬೇಡಿ, ವ್ಯಾಖ್ಯೆ ಓದಿ. ಎರಡು ಹಾರಾಟಗಳ ನಡುವೆ ಕನಿಷ್ಠ ಇಷ್ಟು ಗಂಟೆ ಅಂತರವಿರಬೇಕು ಎಂದಿದೆಯೇ? ಮೊದಲ ವಿಮಾನ ಎಷ್ಟು ತಡವಾದರೆ ಅನ್ವಯ? ಬೇರೆ ಬೇರೆ ಪಿಎನ್‌ಆರ್ ನಡೆಯುತ್ತದೆಯೇ? ಭಾರತದೊಳಗಿನ ಮೊದಲ ಹಾರಾಟ ಲೆಕ್ಕಕ್ಕಿದೆಯೇ, ಅಥವಾ ದೇಶ ಬಿಟ್ಟ ಮೇಲೆ ಮಾತ್ರವೇ? ಈ ನಾಲ್ಕಕ್ಕೂ ಒಪ್ಪುವ ಉತ್ತರ ಸಿಗದಿದ್ದರೆ ಆ ಅಂಶಕ್ಕೆ ಬೆಲೆ ಕೊಡಬೇಡಿ, ಬದಲಿಗೆ ಹಿಂದಿನ ದಿನವೇ ಮುಂಬಯಿಗೆ ಬಂದು ನೆಂಟರ ಮನೆಯಲ್ಲಿ ಮಲಗಿ. ಪುಣೆಯವರಿಗೆ ಇನ್ನೊಂದು ಮಾತು: ಕ್ಯಾಬ್‌ನಲ್ಲಿ ಹೊರಟು ಖಂಡಾಳಾ ಘಾಟಿಯಲ್ಲಿ ಸಿಕ್ಕಿಕೊಂಡು ವಿಮಾನ ತಪ್ಪಿದರೆ ಸಾಮಾನ್ಯವಾಗಿ ಏನೂ ಸಿಗದು. ಪಾಲಿಸಿಯ ಭಾಷೆಯ ‘ಕಾಮನ್ ಕ್ಯಾರಿಯರ್’ ಎಂದರೆ ವೇಳಾಪಟ್ಟಿ ಇಟ್ಟು ಓಡುವ ಪರವಾನಗಿಯ ಸಾರಿಗೆ. ಸ್ವಂತ ಕಾರು, ಬಾಡಿಗೆ ಕ್ಯಾಬ್ ಅದರಲ್ಲಿ ಬರುವುದಿಲ್ಲ.

ವಿಮಾನ ಕಂಪನಿಯೇ ಮುಚ್ಚಿಹೋದರೆ? ಮುಂಬಯಿಯಲ್ಲೇ ಬೇರು ಬಿಟ್ಟಿದ್ದ ಎರಡು ಕಂಪನಿಗಳು ನಮ್ಮ ಕಣ್ಣೆದುರೇ ನಿಂತುಹೋದವು, ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು, ಗೋ ಫಸ್ಟ್ 2023ರ ಮೇ 3ರಂದು. ಕಂಪನಿ ದಿವಾಳಿಯಾದದ್ದನ್ನು ಬಹಳಷ್ಟು ಪಾಲಿಸಿಗಳು ಸ್ಪಷ್ಟವಾಗಿ ಹೊರಗಿಡುತ್ತವೆ. ಅದಕ್ಕೇ ದೊಡ್ಡ ಮೊತ್ತದ ಟಿಕೆಟನ್ನು ಯುಪಿಐನಲ್ಲಿ ಕಟ್ಟದೆ ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿ. ಸೇವೆ ಸಿಗದಿದ್ದಾಗ ಬ್ಯಾಂಕಿನಲ್ಲಿ ಚಾರ್ಜ್‌ಬ್ಯಾಕ್, ಅಂದರೆ ಕಟ್ಟಿದ ಹಣ ವಾಪಸ್, ಕೇಳುವ ದಾರಿಯಾದರೂ ಇರುತ್ತದೆ.

ಪ್ರವಾಸ ರದ್ದತಿಯ ಭಾಗದಲ್ಲಿ ನಮ್ಮವರು ಹೆಚ್ಚು ಎಡವುವುದು ಸಂಬಂಧಗಳ ಪಟ್ಟಿಯಲ್ಲಿ. ಹತ್ತಿರದವರು ತೀರಿಕೊಂಡರೆ ಅಥವಾ ಗಂಭೀರವಾಗಿ ಆಸ್ಪತ್ರೆ ಸೇರಿದರೆ ರದ್ದತಿ ನಷ್ಟ ಕೊಡುತ್ತೇವೆ ಎಂದು ಪಾಲಿಸಿ ಹೇಳುತ್ತದೆ. ಆ ‘ಹತ್ತಿರದವರು’ ಎಂದರೆ ಗಂಡ, ಹೆಂಡತಿ, ಮಕ್ಕಳು, ತಂದೆ-ತಾಯಿ, ಕೆಲವು ಪಾಲಿಸಿಗಳಲ್ಲಿ ಒಡಹುಟ್ಟಿದವರು, ಅತ್ತೆ-ಮಾವ. ಊರಲ್ಲಿ ದೊಡ್ಡಪ್ಪ ತೀರಿಕೊಂಡರು, ದಾಯಾದಿಗಳಾದ್ದರಿಂದ ಸೂತಕ, ಹೊರಡುವಂತಿಲ್ಲ: ನಮಗೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ, ಪಾಲಿಸಿಗೆ ಇದು ಕಾರಣವೇ ಅಲ್ಲ. ರಜೆ ಸಿಗಲಿಲ್ಲ, ಮಗುವಿನ ಪರೀಕ್ಷೆ ಮುಂದೆ ಹೋಯಿತು, ಮನಸ್ಸು ಬದಲಾಯಿತು, ಇವೂ ಇಲ್ಲ. ವೀಸಾ ತಿರಸ್ಕಾರಕ್ಕೆ ಬೇರೆ ಆ್ಯಡ್-ಆನ್ ಬೇಕಾಗುತ್ತದೆ. ಆದರೆ ವೀಸಾ ಸಿಗದೆ ಹೊರಡದೇ ಇದ್ದರೆ ವಿಮೆಯ ಪ್ರೀಮಿಯಂ ವಾಪಸ್ ಕೇಳಬಹುದು, ತಿರಸ್ಕಾರ ಪತ್ರ ಮತ್ತು ಪಾಸ್‌ಪೋರ್ಟ್ ಪ್ರತಿಯ ಜತೆ, ಪಾಲಿಸಿ ಶುರುವಾಗುವ ಮುಂಚೆ. ಚಂಡಮಾರುತದ ಮುನ್ಸೂಚನೆ ಬಂದ ಮೇಲೆ ಕೊಂಡ ಪಾಲಿಸಿ ಆ ಚಂಡಮಾರುತಕ್ಕೆ ಸಲ್ಲದು. ಟಿಕೆಟ್ ತೆಗೆದ ದಿನವೇ ವಿಮೆ ಕೊಳ್ಳುವುದರ ಲಾಭ ಇಲ್ಲೇ ಇದೆ: ರದ್ದತಿ ರಕ್ಷಣೆ ಅಂದಿನಿಂದಲೇ ಶುರು, ಉಳಿದವು ಹೊರಡುವ ದಿನದಿಂದ.

ನಾಲ್ಕು ಕುಟುಂಬ ಸೇರಿ ಒಬ್ಬರ ಹೆಸರಿನಲ್ಲಿ ಒಂದು ವಿಲ್ಲಾ ಹಿಡಿಯುವುದು ಈಗ ಸಾಮಾನ್ಯ. ಒಂದು ಕುಟುಂಬ ಬರಲಾಗದಿದ್ದರೆ ಅವರ ಪಾಲಿನ ನಷ್ಟ ಕ್ಲೇಮ್ ಮಾಡಲು ಬುಕಿಂಗ್‌ನಲ್ಲಿ ಅವರ ಹೆಸರೇ ಇರುವುದಿಲ್ಲ. ಅತಿಥಿಗಳ ಪಟ್ಟಿಯಲ್ಲಿ ಎಲ್ಲರ ಹೆಸರನ್ನೂ ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಹಾಕಿಸಿ, ಹಣ ಕೊಟ್ಟದ್ದಕ್ಕೆ ಬ್ಯಾಂಕ್ ದಾಖಲೆ ಇರಲಿ.

ತಾರೀಖಿನ ತಪ್ಪು ಸಣ್ಣದೆನಿಸಿದರೂ ದೊಡ್ಡ ಹಾನಿ ಮಾಡುತ್ತದೆ. ಮುಂಬಯಿಯಿಂದ ಹೊರಡುವ ವಿದೇಶ ವಿಮಾನಗಳಲ್ಲಿ ಬಹಳಷ್ಟು ನಡುರಾತ್ರಿ ದಾಟಿದ ಮೇಲಿನವು. ಟಿಕೆಟ್‌ನಲ್ಲಿ 11ನೇ ತಾರೀಖು 02:30 ಎಂದಿದ್ದರೆ ಮನೆ ಬಿಡುವುದು 10ರ ರಾತ್ರಿ. ಪಾಲಿಸಿ 10ರಿಂದ ಶುರುವಾಗಲಿ. ಬರುವಾಗಲೂ ಹಾಗೆಯೇ: ಅಲ್ಲಿಂದ 20ರ ಸಂಜೆ ಹೊರಟರೆ ಇಳಿಯುವುದು 21ಕ್ಕೆ, ಕೊನೆಯ ದಿನ 21 ಎಂದೇ ಹಾಕಿ, ಒಂದು ದಿನ ಹೆಚ್ಚು ಸೇರಿಸಿದರೂ ನಷ್ಟವಿಲ್ಲ. ಭಾರತ ಬಿಟ್ಟ ಮೇಲೆ ಹೊಸ ಪಾಲಿಸಿ ಸಾಮಾನ್ಯವಾಗಿ ಸಿಗುವುದಿಲ್ಲ. ಇದ್ದದ್ದನ್ನು ವಿಸ್ತರಿಸಬೇಕಾದರೂ ಅವಧಿ ಮುಗಿಯುವ ಮುಂಚೆಯೇ ಕೇಳಬೇಕು.

ಲಗೇಜ್ ಬರಲಿಲ್ಲವೆಂದರೆ ಬೆಲ್ಟ್ ಬಳಿಯಿರುವ ಕೌಂಟರ್‌ನಲ್ಲೇ ಪಿಐಆರ್ ಎಂಬ ವರದಿ ಬರೆಸಿ, ಆಮೇಲೇ ಹೊರಗೆ ಬನ್ನಿ. ಅದಿಲ್ಲದೆ ವಿಮೆಯೂ ಕಂಪನಿಯ ಪರಿಹಾರವೂ ಸಿಗುವುದು ಕಷ್ಟ. ಅಂತಾರಾಷ್ಟ್ರೀಯ ಹಾರಾಟದಲ್ಲಿ ಕಂಪನಿಯ ಹೊಣೆಯ ಮಿತಿ ಮಾಂಟ್ರಿಯಲ್ ಒಪ್ಪಂದದ ಪ್ರಕಾರ 2024ರ ಡಿಸೆಂಬರ್ 28ರಿಂದ ತಲಾ 1,519 ಎಸ್‌ಡಿಆರ್ (ಐಎಂಎಫ್‌ನ ಲೆಕ್ಕದ ಹಣ), ಅಂದರೆ ಒಂದೂವರೆ ಲಕ್ಷ ರೂಪಾಯಿಗೂ ಮೇಲೆ. ಹಾನಿಯಾಗಿದ್ದರೆ 7 ದಿನದಲ್ಲಿ, ತಡವಾಗಿ ಬಂದಿದ್ದರೆ ಬಂದ 21 ದಿನದಲ್ಲಿ ಲಿಖಿತ ದೂರು ಕೊಡಬೇಕು. ವಿಮೆಯ ಬ್ಯಾಗೇಜ್ ಮೊತ್ತ ಇದಕ್ಕಿಂತ ಕಡಿಮೆಯೇ ಇರುವುದುಂಟು, ಒಡವೆ, ಕ್ಯಾಮೆರಾ, ಲ್ಯಾಪ್‌ಟಾಪ್ ಹೊರಗಿಡುವುದೂ ಉಂಟು. ಈ ಒಂದು ಅಂಶಕ್ಕಾಗಿ ದುಬಾರಿ ಪ್ಲ್ಯಾನ್ ಕೊಳ್ಳುವುದು ದಂಡ.

ಸ್ಕೂಟರ್ ಮತ್ತು ಚಾರಣ ಎರಡನ್ನೂ ಹೇಳದೆ ಮುಂದೆ ಹೋಗುವಂತಿಲ್ಲ. ಫುಕೆಟ್‌ನಲ್ಲೋ ಬಾಲಿಯಲ್ಲೋ ಸ್ಕೂಟರ್ ಬಾಡಿಗೆಗೆ ತೆಗೆದು ಬಿದ್ದರೆ ವಿಮಾ ಕಂಪನಿ ಮೊದಲು ಕೇಳುವುದು ಲೈಸೆನ್ಸ್. ಕಾರಿನ ಲೈಸೆನ್ಸ್ ಸಾಲದು, ದ್ವಿಚಕ್ರದ್ದೇ ಬೇಕು, ಜತೆಗೆ ಅಂತಾರಾಷ್ಟ್ರೀಯ ಪರವಾನಗಿ. ಅದನ್ನು ಆರ್‌ಟಿಒದಲ್ಲಿ ಫಾರ್ಮ್ 4ಎ ತುಂಬಿ, 1,000 ರೂಪಾಯಿ ಕಟ್ಟಿ ಪಡೆಯಬಹುದು. ಹೆಚ್ಚೆಂದರೆ ಒಂದು ವರ್ಷ ನಡೆಯುತ್ತದೆ. ಹೆಲ್ಮೆಟ್ ಇಲ್ಲದಿದ್ದರೆ, ರಕ್ತದಲ್ಲಿ ಮದ್ಯ ಸಿಕ್ಕಿದರೆ ಕ್ಲೇಮ್ ಉಳಿಯುವುದು ಕಷ್ಟ. ಗೋವಾದಲ್ಲೇ ಸ್ಕೂಟರ್ ಹಿಡಿಯುವ ಮುಂಬಯಿ, ಪುಣೆಯವರೂ ನಂಬರ್ ಪ್ಲೇಟ್ ನೋಡಿ: ಕಪ್ಪು ಹಲಗೆಯ ಮೇಲೆ ಹಳದಿ ಅಕ್ಷರ ಇದ್ದರೆ ಬಾಡಿಗೆಗೆ ಪರವಾನಗಿ ಇರುವ ಗಾಡಿ. ಬಿಳಿ ಹಲಗೆಯದು ಖಾಸಗಿ. ಅದನ್ನು ಬಾಡಿಗೆಗೆ ಓಡಿಸಿ ಅಪಘಾತವಾದರೆ ಗಾಡಿಯ ವಿಮೆಯೇ ಕೈ ಎತ್ತಬಹುದು. ಚಾರಣಕ್ಕೆ ಪಾಲಿಸಿಯಲ್ಲಿ ಎತ್ತರದ ಮಿತಿ ಹುಡುಕಿ. ಎವರೆಸ್ಟ್ ಬೇಸ್ ಕ್ಯಾಂಪ್ 5,364 ಮೀಟರ್. ಸಾಮಾನ್ಯ ಪಾಲಿಸಿ ಅದಕ್ಕಿಂತ ಎಷ್ಟೋ ಕೆಳಗೆ ನಿಂತುಬಿಡುತ್ತದೆ. ಹೆಲಿಕಾಪ್ಟರ್ ಕರೆಸುವ ಮುಂಚೆ ಸಹಾಯವಾಣಿಯ ಒಪ್ಪಿಗೆ ಬೇಕೆಂಬ ಷರತ್ತೂ ಇರುತ್ತದೆ, ಅದನ್ನು ಗೈಡ್‌ಗೆ ಮೊದಲೇ ತಿಳಿಸಿಡಿ.

ಕ್ಲೇಮ್‌ಗೆ ಬೇಕಾದ ಕಾಗದಗಳನ್ನು ಅಲ್ಲಿಂದಲೇ ತನ್ನಿ, ಊರಿಗೆ ಬಂದ ಮೇಲೆ ಇಮೇಲ್ ಬರೆದು ತರಿಸುವುದು ಬಹಳ ಕಷ್ಟ. ಆಸ್ಪತ್ರೆಯದಾದರೆ ಡಾಕ್ಟರ್ ವರದಿ, ವಿವರವಾದ ಬಿಲ್, ಹಣ ಕಟ್ಟಿದ ರಶೀದಿ, ಮೂರೂ ಬೇರೆ ಬೇರೆ. ವಿಳಂಬಕ್ಕೆ ವಿಮಾನ ಕಂಪನಿಯ ಪತ್ರ, ಅದರಲ್ಲಿ ಕಾರಣ ಮತ್ತು ಗಂಟೆ ಎರಡೂ ಇರಬೇಕು. ಪಾಸ್‌ಪೋರ್ಟ್ ಕಳೆದರೆ ಕೂಡಲೇ ಪೊಲೀಸ್ ದೂರು, ಆಮೇಲೆ ಭಾರತೀಯ ರಾಯಭಾರ ಕಚೇರಿಯಿಂದ ತುರ್ತು ಪ್ರಮಾಣಪತ್ರ, ಅದರ ಶುಲ್ಕದ ರಶೀದಿ. ಬೋರ್ಡಿಂಗ್ ಪಾಸ್ ಬಿಸಾಡಬೇಡಿ: 2025ರ ಅಕ್ಟೋಬರ್ 12ರಿಂದ ಷೆಂಗೆನ್ ಗಡಿಗಳಲ್ಲಿ ಪಾಸ್‌ಪೋರ್ಟ್‌ಗೆ ಮುದ್ರೆ ಒತ್ತುವ ಬದಲು ಬೆರಳಚ್ಚು, ಮುಖಚಿತ್ರ ದಾಖಲಿಸುವ ವ್ಯವಸ್ಥೆ ಹಂತ ಹಂತವಾಗಿ ಬಂದಿದೆ. ಮುದ್ರೆ ಇಲ್ಲದಾಗ ಪ್ರಯಾಣಕ್ಕೆ ಸಾಕ್ಷಿ ಆ ಚೀಟಿಯೇ.

ಕ್ಲೇಮ್ ನಿರಾಕರಿಸಿದರೆ ಯಾವ ಷರತ್ತಿನ ಸಂಖ್ಯೆಯಡಿ ಎಂದು ಲಿಖಿತ ಉತ್ತರ ಕೇಳಿ. ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್‌ನಲ್ಲಿ ಅಥವಾ 155255ಕ್ಕೆ ಫೋನ್ ಮಾಡಿಯೂ ದೂರು ದಾಖಲಿಸಬಹುದು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ವಿಮಾ ಓಂಬುಡ್ಸ್‌ಮನ್. ಶುಲ್ಕವಿಲ್ಲ, ವಕೀಲರು ಬೇಡ, 50 ಲಕ್ಷ ರೂಪಾಯಿವರೆಗಿನ ಪ್ರಕರಣ ಕೇಳುತ್ತಾರೆ. ಕಂಪನಿಯ ನಿರಾಕರಣೆಯಿಂದ ಒಂದು ವರ್ಷದೊಳಗೆ ಹೋಗಬೇಕು. ಓಂಬುಡ್ಸ್‌ಮನ್ ಕಚೇರಿ ಮುಂಬಯಿಯಲ್ಲಿ ಸಾಂತಾಕ್ರೂಜ್‌ನಲ್ಲಿದೆ, ಪುಣೆಯಲ್ಲಿ ನಾರಾಯಣ ಪೇಠೆಯಲ್ಲಿದೆ. ಗೋವಾದವರ ದೂರು ಪುಣೆ ಕಚೇರಿಗೆ ಸೇರುತ್ತದೆ.